ಕೆಟ್ಟ ಚಿತ್ರಕ್ಕೆ ಟಿಕೆಟ್ ಕೊಳ್ಳುವವರು



ಸಿನಿಮಾ ಚೆನ್ನಾಗಿಲ್ಲ ಎಂದು ಮೊದಲೇ ಗೊತ್ತಿದ್ದೂ ಯಾರಾದರೂ ದುಡ್ಡು ಕೊಟ್ಟು ಥಿಯೇಟರಿಗೆ ಹೋಗುತ್ತಾರೆಯೇ? ಅಮೆರಿಕದಲ್ಲಿ ಹೋಗುತ್ತಾರೆ. ಚೆನ್ನಾಗಿಲ್ಲ ಎಂಬ ಕಾರಣಕ್ಕೇ ಹೋಗುತ್ತಾರೆ! 2009ರ ಆಗಸ್ಟ್ 20ರಂದು ನ್ಯಾಶ್‌ವಿಲ್ ನಗರದ ಬೆಲ್‌ಕೋರ್ಟ್ ಥಿಯೇಟರಿನಲ್ಲಿ ಮೈಕ್ ನೆಲ್ಸನ್, ಕೆವಿನ್ ಮರ್ಫಿ, ಬಿಲ್ ಕಾರ್ಬೆಟ್ ಎಂಬ ಮೂವರು ವೇದಿಕೆಯ ಮೇಲೆ ಮೈಕು ಹಿಡಿದು, ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಎಂಬ ಐವತ್ತರ ದಶಕದ ಚಿತ್ರ ಓಡುತ್ತಿದ್ದ ಹಾಗೆಯೇ ಅದರ ಮೇಲೆ ಚಟಾಕಿ ಹಾರಿಸಿದರು. ಅದು ಉಪಗ್ರಹದ ಮೂಲಕ ದೇಶದ ನೂರಾರು ಥಿಯೇಟರುಗಳಲ್ಲಿ ಅದೇ ಕ್ಷಣಕ್ಕೆ ಪ್ರಸಾರವಾಯಿತು. ಎಲ್ಲೋ ಒಂದು ಊರಿನ ಥಿಯೇಟರಿನಲ್ಲಿ ಕುಳಿತವರು ಸಾವಿರ ಮೈಲಿ ಆಚೆಯವರ ಜೊತೆ ಒಂದೇ ಮಾತಿಗೆ ನಕ್ಕರು. ರಿಫ್‌ಟ್ರ್ಯಾಕ್ಸ್ ಎಂಬ ಈ ತಂಡದ ಪ್ರದರ್ಶನಗಳು ದೇಶದ ಥಿಯೇಟರುಗಳಿಗೆ ನೇರ ಪ್ರಸಾರವಾಗಲು ಆರಂಭವಾದದ್ದು ಹೀಗೆ.

ಪ್ಲಾನ್ 9 ಚಿತ್ರದ ಕಥೆ ಹೇಳಲು ಹೊರಟರೆ ನನಗೆ ಕೊಟ್ಟಿರುವ ಪುಟವೇ ಸಾಲದು. ಒಂದೇ ಸಂಗತಿ ಹೇಳುತ್ತೇನೆ. ಅದರ ದೊಡ್ಡ ನಟ ಬೆಲಾ ಲುಗೋಸಿ 1956ರಲ್ಲೇ ತೀರಿಕೊಂಡಿದ್ದ. ನಿರ್ದೇಶಕ ಎಡ್ ವುಡ್‌ನ ಬಳಿ ಅವನ ಕೆಲವೇ ನಿಮಿಷಗಳ ಚಿತ್ರೀಕರಣ ಉಳಿದಿತ್ತು. ಪುಣ್ಯಾತ್ಮ ಅಷ್ಟಕ್ಕೆ ಸುಮ್ಮನಾಗಲಿಲ್ಲ. ತನ್ನ ಹೆಂಡತಿಯ ಬೆನ್ನುನೋವಿಗೆ ಚಿಕಿತ್ಸೆ ಮಾಡುತ್ತಿದ್ದವನನ್ನೇ ಕರೆತಂದು, ಮುಖ ಕಾಣದಂತೆ ನಿಲುವಂಗಿಯನ್ನು ಮೂಗಿನ ತನಕ ಎತ್ತಿ ಹಿಡಿಸಿ, ಇವನೇ ಲುಗೋಸಿ ಎಂದು ಉಳಿದ ಚಿತ್ರ ಮುಗಿಸಿದ!

ಈ ಆಟದ ಮೂಲ ಇನ್ನೂ ಹಿಂದಿನದು. 1988ರ ನವೆಂಬರಿನಲ್ಲಿ ಮಿನಿಯಾಪೊಲಿಸ್ ನಗರದ ಕೆಟಿಎಂಎ ಎಂಬ ಪುಟ್ಟ ಸ್ಥಳೀಯ ಟಿವಿ ಕೇಂದ್ರದಲ್ಲಿ ಜೋಯಲ್ ಹಾಡ್ಜ್‌ಸನ್ ಎಂಬ ಹಾಸ್ಯಗಾರ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ಕಾರ್ಯಕ್ರಮ ಶುರುಮಾಡಿದ. ಒಬ್ಬ ಮನುಷ್ಯನನ್ನು ಬಾಹ್ಯಾಕಾಶದಲ್ಲಿ ಕೂಡಿಹಾಕಿ, ಕೆಟ್ಟ ಚಿತ್ರಗಳನ್ನು ಬಲವಂತವಾಗಿ ತೋರಿಸುತ್ತಾರೆ. ಅವನು ತಲೆ ಕೆಡದಿರಲೆಂದು ತಾನೇ ಮಾಡಿಕೊಂಡ ರೋಬೋಗಳ ಜೊತೆ ಕುಳಿತು ಮಾತಾಡುತ್ತಾನೆ. ಇಷ್ಟೇ ಕಥೆ. ಒಂದು ರೋಬೋದ ತಲೆ ಮಿಠಾಯಿ ಉಂಡೆಗಳ ಆಟಿಕೆ ಯಂತ್ರದ್ದು, ಇನ್ನೊಂದರ ಬಾಯಿ ಬೌಲಿಂಗ್ ಆಟದ ಪಿನ್ನನ್ನು ಸೀಳಿ ಮಾಡಿದ್ದು. ಪರದೆಯ ಕೆಳಗೆ ಬಲಮೂಲೆಯಲ್ಲಿ ಇವರ ಕಪ್ಪು ನೆರಳು ಕಾಣುತ್ತದೆ. ನಮ್ಮ ಮುಂದಿನ ಸಾಲಿನಲ್ಲೇ ಯಾರೋ ತರಲೆಗಳು ಕುಳಿತ ಹಾಗೆ. ಆಗ ಕಾರ್ಯಕ್ರಮದ ಕೊನೆಯಲ್ಲಿ, ಟೇಪು ಮಾಡಿಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿರಿ ಎಂದು ಅವರೇ ಕೇಳಿಕೊಳ್ಳುತ್ತಿದ್ದರು. ಕನ್ನಡ ಚಿತ್ರದ ವಿಡಿಯೋ ಕ್ಯಾಸೆಟ್ಟು ಮನೆಯಿಂದ ಮನೆಗೆ ಓಡಾಡುತ್ತಿದ್ದ ಕಾಲವನ್ನು ನಿಮ್ಮ ಅಪ್ಪ ಅಮ್ಮನನ್ನು ಕೇಳಿ ನೋಡಿ, ಹೇಳುತ್ತಾರೆ.

1999ರಲ್ಲಿ ಕಾರ್ಯಕ್ರಮ ನಿಂತಿತು. ಅಭಿಮಾನಿಗಳು ಬಿಡಲಿಲ್ಲ. 2015ರಲ್ಲಿ ಹಾಡ್ಜ್‌ಸನ್ ಮತ್ತೆ ಆರಂಭಿಸಲು ಜನರ ಮುಂದೆ ಕೈಯೊಡ್ಡಿದಾಗ 48 ಸಾವಿರಕ್ಕೂ ಹೆಚ್ಚು ಜನ ಸೇರಿ 57 ಲಕ್ಷ ಡಾಲರಿಗೂ ಮೀರಿ ಕೊಟ್ಟರು. 2017ರಲ್ಲಿ ಅದು ನೆಟ್‌ಫ್ಲಿಕ್ಸಿಗೆ ಬಂತು, ಅದೇ ವರ್ಷ ಊರೂರಿಗೆ ನೇರ ಪ್ರದರ್ಶನದ ತಿರುಗಾಟವೂ ಹೊರಟಿತು. ಅದಕ್ಕೆ ಮುಂಚೆ, 2007ರಿಂದ 2013ರವರೆಗೆ, ಹಳೆಯ ತಂಡದ ಕೆಲವರು ‘ಸಿನೆಮ್ಯಾಟಿಕ್ ಟೈಟಾನಿಕ್’ ಎಂಬ ಹೆಸರಿನಲ್ಲಿ ಇದೇ ಕೆಲಸ ಮಾಡಿದ್ದರು.

ಇದನ್ನೇನು ಮಹಾ, ನಾವೂ ಮಾಡುತ್ತೇವಲ್ಲ ಎನ್ನುತ್ತೀರೇನೋ. ನಿಜ, ನಮ್ಮ ಕಡೆ ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂರುವ ಗಾಂಧಿ ಕ್ಲಾಸಿನವರ ಬಾಯಿಗೆ ಬೀಗವಿರಲಿಲ್ಲ. ಪರದೆಯ ಮೇಲೆ ಖಳನಾಯಕ ಬಾಗಿಲ ಹಿಂದೆ ಅವಿತರೆ ನಾಯಕನಿಗೆ ಕೂಗಿ ಎಚ್ಚರಿಸುವವರು ಅವರೇ, ಅಳುವ ದೃಶ್ಯ ಹೆಚ್ಚು ಎಳೆದರೆ ಸಾಕು ಮಾಡಮ್ಮಾ ಎನ್ನುವವರೂ ಅವರೇ. ಆದರೆ ಹಾಡ್ಜ್‌ಸನ್‌ನ ತಂಡದ ರೀತಿ ಬೇರೆ. ಮೊದಮೊದಲು ಬಾಯಿಗೆ ಬಂದದ್ದು ಹೇಳುತ್ತಿದ್ದವರು, ಬೇಗನೆ ಬರೆದುಕೊಂಡೇ ಬರಲು ಕಲಿತರು. ಒಂದೇ ಚಿತ್ರವನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡಿ, ಪಾತ್ರಗಳ ಎರಡು ಮಾತುಗಳ ನಡುವೆ ಎಷ್ಟು ಸೆಕೆಂಡಿನ ಬಿಡುವಿದೆಯೋ ಅಷ್ಟರಲ್ಲೇ ಕೂರುವಂತೆ ಒಂದು ಸಾಲು ಬರೆಯಬೇಕು. ಒಂದು ಚಿತ್ರಕ್ಕೆ ಇಂಥವು ನೂರಾರು. ಹಪ್ಪಳ ಲಟ್ಟಿಸಿದ ಹಾಗೆ, ತಿನ್ನುವವರಿಗೆ ಕ್ಷಣದ ಕೆಲಸ, ಮಾಡುವವರಿಗೆ ದಿನವಿಡೀ. ನೇರ ಪ್ರದರ್ಶನದಲ್ಲಿ ಕಷ್ಟ ಇನ್ನೂ ಒಂದಿದೆ. ನಾಟಕದ ನಟನಾದರೆ ಚಪ್ಪಾಳೆ ಮುಗಿಯುವ ತನಕ ಕಾಯಬಹುದು. ಸಿನಿಮಾ ಯಾರಿಗೂ ಕಾಯುವುದಿಲ್ಲ. ಜನ ಜಾಸ್ತಿ ಹೊತ್ತು ನಕ್ಕರೆ ಮುಂದಿನ ಚಟಾಕಿ ಆ ನಗುವಿನಲ್ಲೇ ಮುಳುಗಿ ಹೋಗುತ್ತದೆ.

ಅವರ ಮಾತುಗಳೆಲ್ಲ ರತ್ನಗಳೇನಲ್ಲ. ಎಪ್ಪತ್ತರ ದಶಕದ ಅಮೆರಿಕದ ಟಿವಿ ಜಾಹೀರಾತುಗಳ ಮೇಲಿನ ಹಾಸ್ಯ ನಮಗೆ ದಕ್ಕುವುದಿಲ್ಲ, ಬಿಡಿ. ದಪ್ಪಗಿರುವವರನ್ನು ಕಂಡರೆ ಹಾಸ್ಯ ಮಾಡುವ ಚಾಳಿ ಅವರಿಗೂ ಇತ್ತು. ಅದು ನನಗೆ ಹಿಡಿಸಲಿಲ್ಲ.

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳಾದ್ದರಿಂದ ಶೇಕ್ಸ್‌ಪಿಯರ್‌ನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನೆನಪಾಗದೆ ಇರಲಿಲ್ಲ. ಕೊನೆಯ ಅಂಕದಲ್ಲಿ ನೇಕಾರ, ಬಡಗಿ, ದರ್ಜಿ ಮೊದಲಾದ ಕಸುಬಿನವರು ರಾಜನ ಮದುವೆಗೆಂದು ಒಂದು ನಾಟಕ ಆಡುತ್ತಾರೆ. ಒಬ್ಬನಂತೂ ಗೋಡೆಯ ಪಾತ್ರದಲ್ಲಿ ನಿಂತಿರುತ್ತಾನೆ. ಆಸ್ಥಾನದವರು ಸಾಲು ಸಾಲಿಗೂ ಗೇಲಿ ಮಾಡುತ್ತಾರೆ. ನೋಡಿದಿರಾ, ನಾನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ! ಆದರೆ ಅಲ್ಲಿ ನೇಕಾರ ಬಾಟಮ್ ಸುಮ್ಮನಿರುವುದಿಲ್ಲ. ನಾಟಕದ ನಡುವೆಯೇ ರಾಜನ ಕಡೆ ತಿರುಗಿ, ಹಾಗಲ್ಲ ಸ್ವಾಮಿ, ಮುಂದೇನಾಗುತ್ತದೆ ನೋಡಿ ಎಂದು ಅಮಾಯಕನಾಗಿ ವಿವರಿಸುತ್ತಾನೆ. ನಗಿಸಿಕೊಂಡವನಿಗೆ ತಿರುಗಿ ಮಾತಾಡುವ ಅವಕಾಶ ಅಲ್ಲಿತ್ತು. ಸಿನಿಮಾದಲ್ಲಿರುವವನಿಗೆ ಅದಿಲ್ಲ. ಅವನು ಎಂದೋ ನಟಿಸಿ ಮನೆಗೆ ಹೋಗಿರುತ್ತಾನೆ. ಕೆಲವೊಮ್ಮೆ ಲೋಕವನ್ನೇ ಬಿಟ್ಟು ಹೋಗಿರುತ್ತಾನೆ.

ಈ ಮಾತಿಗೆ ‘ಮ್ಯಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’ ಎಂಬ ಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮೆಕ್ಸಿಕೋ ಗಡಿಯ ಎಲ್ ಪಾಸೊ ಊರಿನಲ್ಲಿ ಹೆರಾಲ್ಡ್ ವಾರೆನ್ ಎಂಬ ಗೊಬ್ಬರದ ವ್ಯಾಪಾರಿ ಇದ್ದ. ಹಾಲಿವುಡ್ಡಿನ ಚಿತ್ರಕಥೆಗಾರ ಸ್ಟರ್ಲಿಂಗ್ ಸಿಲಿಫಂಟ್ ಜೊತೆ, ನಾನೂ ಒಂದು ಭೂತದ ಸಿನಿಮಾ ಮಾಡಬಲ್ಲೆ ಎಂದು ಪಂಥ ಕಟ್ಟಿದನಂತೆ. ಸುಮಾರು 19 ಸಾವಿರ ಡಾಲರ್ ಹೊಂದಿಸಿದ. ಕೈಯಲ್ಲಿ ಕೀಲಿ ಕೊಟ್ಟು ಓಡಿಸುವ ಕ್ಯಾಮರಾ, ಒಮ್ಮೆಗೆ ಅರ್ಧ ನಿಮಿಷವಷ್ಟೇ ಓಡುತ್ತಿತ್ತು. ರಾತ್ರಿ ದೀಪ ಹಾಕಿದರೆ ಹುಳುಗಳು ಮುತ್ತುತ್ತಿದ್ದವು. ಇಂದಿಗೂ ಚಿತ್ರದಲ್ಲಿ ನಟರಿಗಿಂತ ಚುರುಕಾಗಿ ಓಡಾಡುವುದು ಅವೇ. ಮಾತುಗಳನ್ನು ಆಮೇಲೆ ಬೆರಳೆಣಿಕೆಯ ಜನ ಸೇರಿ ಎಲ್ಲ ಪಾತ್ರಗಳಿಗೂ ಹೇಳಿದರು. ನಟರಿಗೆ ಸಂಬಳವಿಲ್ಲ, ಲಾಭದಲ್ಲಿ ಪಾಲು ಎಂಬ ಭರವಸೆ ಮಾತ್ರ. ಕೈಗೆ ಏನಾದರೂ ಸಿಕ್ಕಿದ್ದು ಇಬ್ಬರಿಗೇ: ಪುಟ್ಟ ಹುಡುಗಿಯ ಪಾತ್ರ ಮಾಡಿದ ಜ್ಯಾಕಿ ನೇಮನ್‌ಗೆ ಒಂದು ಸೈಕಲ್ಲು, ಅವರ ಮನೆಯ ನಾಯಿಗೆ ಒಂದು ಚೀಲ ಆಹಾರ.

1966ರ ನವೆಂಬರ್ 15ರಂದು ಊರಿನ ಕ್ಯಾಪ್ರಿ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಬಾಡಿಗೆಗೆ ತಂದದ್ದು ಒಂದೇ ಉದ್ದನೆಯ ಕಾರು. ಒಂದಷ್ಟು ನಟರನ್ನು ಬಾಗಿಲಲ್ಲಿ ಇಳಿಸಿ, ಹೋಗಿ ಮತ್ತಷ್ಟು ಜನರನ್ನು ಹತ್ತಿಸಿಕೊಂಡು ಬರುತ್ತಿತ್ತು. ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ ಊರವರೆಲ್ಲ ನಗತೊಡಗಿದರು. ನಟರು ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಹೊರಗೆ ಜಾರಿದರು. ಜ್ಯಾಕಿ ಆಗ ಇನ್ನೂ ಚಿಕ್ಕ ಮಗು. ಪರದೆಯ ಮೇಲೆ ತಾನು ಬಾಯಿ ತೆರೆದರೆ ಯಾವಳೋ ದೊಡ್ಡ ಹೆಂಗಸಿನ ಕೀರಲು ದನಿ ಬಂದದ್ದು ಕೇಳಿ ಅತ್ತುಬಿಟ್ಟಳು. ಟೋರ್ಗೋ ಎಂಬ ಸೇವಕನ ಪಾತ್ರ ಮಾಡಿದ ಜಾನ್ ರೆನಾಲ್ಡ್ಸ್ ಈ ನಗುವನ್ನು ಕೇಳಲೇ ಇಲ್ಲ. ಅದಕ್ಕೆ ಒಂದು ತಿಂಗಳ ಮೊದಲು, ಇಪ್ಪತ್ತೈದರ ವಯಸ್ಸಿನಲ್ಲಿ, ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಿದ್ದ.

ಮಂಡಿ ಊದಿಕೊಂಡವನಂತೆ ತೂರಾಡುತ್ತ ನಡೆಯುವ ಆ ಟೋರ್ಗೋನೇ 1993ರಲ್ಲಿ ಹಾಡ್ಜ್‌ಸನ್‌ನ ತಂಡಕ್ಕೆ ಸಿಕ್ಕು ಲಕ್ಷಾಂತರ ಜನರನ್ನು ನಗಿಸಿದ. ಚಿತ್ರ ಎಷ್ಟು ಕೆಟ್ಟದಾಗಿತ್ತೆಂದರೆ, ಅದನ್ನು ಬಲವಂತವಾಗಿ ತೋರಿಸುವ ದುಷ್ಟ ವಿಜ್ಞಾನಿಗಳೇ ಕ್ಷಮೆ ಕೇಳುತ್ತಾರೆ. 2012ರ ಆಗಸ್ಟಿನಲ್ಲಿ ರಿಫ್‌ಟ್ರ್ಯಾಕ್ಸ್‌ನವರು ಅದನ್ನೇ ನೇರ ಪ್ರದರ್ಶನಕ್ಕೆ ಎತ್ತಿಕೊಂಡರು. ಹಾಗಾದರೆ ಸತ್ತವನ ಮೇಲೆ ನಗುವುದು, ಅತ್ತ ಮಗುವಿನ ಮೇಲೆ ನಗುವುದು ಸರಿಯೇ?

ಜ್ಯಾಕಿಯ ಮುಂದಿನ ಬದುಕನ್ನು ನೋಡಿ. ಆಕೆ ದೊಡ್ಡವಳಾದ ಮೇಲೆ ಈ ಅಭಿಮಾನಿಗಳ ನಡುವೆಯೇ ಸಂತೋಷದಿಂದ ಓಡಾಡಿದಳು, 2016ರಲ್ಲಿ ಚಿತ್ರ ತಯಾರಾದ ಕಥೆಯನ್ನು ಪುಸ್ತಕವಾಗಿ ಬರೆದಳು. ಚಿತ್ರದ ಮೂಲ ರೀಲು 2011ರಲ್ಲಿ ಬೆನ್ ಸೊಲೊವೆ ಎಂಬ ಯುವಕನಿಗೆ ಸಿಕ್ಕಾಗ, ಅದನ್ನು ಶುದ್ಧಗೊಳಿಸಲು ದುಡ್ಡು ಕೊಟ್ಟವರೂ ಅಭಿಮಾನಿಗಳೇ. ಎಲ್ ಪಾಸೊದ ಆ ರಾತ್ರಿಯ ನಗು ಚಿತ್ರವನ್ನು ಹೂತುಹಾಕಿತ್ತು, ಇವರ ನಗು ಅದನ್ನು ಅಗೆದು ತೆಗೆದು ತೊಳೆದಿಟ್ಟಿತು. ಎರಡೂ ನಗುವೇ, ಒಂದೇ ಚಿತ್ರದ ಮೇಲೆಯೇ.

ಎಲ್ಲರಿಗೂ ಹೀಗೆ ಒಳ್ಳೆಯದಾಯಿತು ಎನ್ನುವಂತಿಲ್ಲ. ‘ಹಾಬ್‌ಗಾಬ್ಲಿನ್ಸ್’ ಚಿತ್ರದ ನಿರ್ದೇಶಕ ರಿಕ್ ಸ್ಲೋನ್ ತಾನಾಗಿಯೇ ಚಿತ್ರ ಒಪ್ಪಿಸಿದ್ದ. 1998ರಲ್ಲಿ ಅದು ಪ್ರಸಾರವಾದಾಗ ಚಿತ್ರವನ್ನು ಎಷ್ಟು ಆಡಿಕೊಂಡರೂ ನಕ್ಕ. ಕೊನೆಯಲ್ಲಿ ಚಿತ್ರ ಬಿಟ್ಟು ತನ್ನನ್ನೇ ಹಿಡಿದು ಆಡಿದಾಗ ಮಾತ್ರ ಬೆಚ್ಚಿಬಿದ್ದನಂತೆ. ನನಗೆ ಇಲ್ಲಿ ಗೆರೆ ಸ್ಪಷ್ಟವಾಗಿ ಕಾಣುತ್ತದೆ.

ಈಗ ನಿಮ್ಮ ವಿಷಯ. ಮುಂಬಯಿಯಲ್ಲೋ ಪುಣೆಯಲ್ಲೋ ಹುಟ್ಟಿ ಬೆಳೆದ ನಿಮಗೆ ಈ ಹಾಸ್ಯ ಹೊಸದಲ್ಲ. ‘ಗುಂಡಾ’ (1998) ಎಂಬ ಹಿಂದಿ ಚಿತ್ರದ ಸಂಭಾಷಣೆಗಳನ್ನು ಹಾಸ್ಟೆಲಿನ ಹುಡುಗರು ಒಟ್ಟಿಗೆ ಕುಳಿತು ಪರದೆಗಿಂತ ಮುಂಚೆ ಹೇಳುತ್ತಾರೆ. ಬೆಂಗಳೂರಿನ ಹಾಸ್ಯ ವೇದಿಕೆಗಳಿಂದ ಬಂದ ಕನನ್ ಗಿಲ್ ಮತ್ತು ಬಿಸ್ವ ಕಲ್ಯಾಣ್ ರಥ್ ಯೂಟ್ಯೂಬಿನಲ್ಲಿ ಹಿಂದಿ ಚಿತ್ರಗಳನ್ನು ಜಾಲಾಡಿದ್ದನ್ನು ನಿಮ್ಮಲ್ಲಿ ಎಷ್ಟೋ ಜನ ನನಗಿಂತ ಮೊದಲೇ ನೋಡಿದ್ದೀರಿ. ಅವರೂ ಚಿತ್ರವನ್ನು ಮೊದಲಿನಿಂದ ಕೊನೆಯ ತನಕ ನೋಡಿದವರೇ. ನನ್ನ ತಕರಾರು ಇರುವುದು ಬೇರೆ ಕಡೆ. ಮೊಬೈಲಿನಲ್ಲಿ ಬರುವ ಹತ್ತು ಸೆಕೆಂಡಿನ ತುಣುಕು, ಅದರಲ್ಲಿ ಯಾವುದೋ ಹಳೆಯ ಕನ್ನಡ ಚಿತ್ರದ ಹೊಡೆದಾಟ ಅಥವಾ ಅಳು, ಕೆಳಗೆ ನಾಲ್ಕು ನಗುಮುಖಗಳು. ಹಿಂದೆ ಮುಂದೆ ಏನಾಯಿತು ಗೊತ್ತಿಲ್ಲ, ಆಡಿದ ಮಾತು ಪೂರ್ತಿ ಅರ್ಥವಾಗಿಲ್ಲ. ಪಕ್ಕದ ಕುರ್ಚಿಯಲ್ಲಿ ಕುಳಿತ ಅಮ್ಮನಿಗೆ ಅದೇ ದೃಶ್ಯಕ್ಕೆ ಕಣ್ಣು ತುಂಬಿರುತ್ತದೆ. ಅಮ್ಮ ನಗಬಾರದೆಂದೇನೂ ಹೇಳುವುದಿಲ್ಲ, ಟಿವಿಯ ದನಿ ಸ್ವಲ್ಪ ಕಡಿಮೆ ಮಾಡುತ್ತಾಳೆ, ಅಷ್ಟೇ.

ನಗಬೇಡಿ ಎಂದು ನಾನೂ ಹೇಳುವವಳಲ್ಲ. ನಮ್ಮ ಚಿತ್ರಗಳಲ್ಲಿ ನಗುವುದಕ್ಕೆ ಬೇಕಾದಷ್ಟಿದೆ. ಗುಂಡು ತಗುಲಿದ ಮೇಲೂ ಐದು ನಿಮಿಷ ಬುದ್ಧಿ ಹೇಳಿ ಪ್ರಾಣ ಬಿಡುವ ಅಪ್ಪಂದಿರನ್ನು ಕಂಡು ನಾವೂ ಸೆರಗು ಅಡ್ಡ ಇಟ್ಟುಕೊಂಡು ನಕ್ಕಿದ್ದೇವೆ. ಸಂಘದ ಹಾಸ್ಯ ಸಂಜೆಗೆ ಪ್ರತಿ ಸಲ ಊರಿನಿಂದಲೇ ಕಲಾವಿದರನ್ನು ಕರೆಸಬೇಕೆಂದಿಲ್ಲವಲ್ಲ. ಒಂದು ಹಳೆಯ ಕನ್ನಡ ಚಿತ್ರ ಆರಿಸಿಕೊಂಡು, ಮೊದಲು ಮನೆಯವರ ಜೊತೆ ಒಮ್ಮೆ ಸುಮ್ಮನೆ ನೋಡಿ, ತಿಳಿಯದ ಮಾತು ಕೇಳಿಕೊಂಡು, ಮತ್ತೆ ನಾಲ್ಕು ಸಲ ನೋಡಿ ನಿಮ್ಮ ಚಟಾಕಿಗಳನ್ನು ಬರೆದು ತನ್ನಿ. ಕನ್ನಡದಲ್ಲೇ ಬರೆಯಬೇಕು, ಅದೊಂದೇ ಷರತ್ತು. ಎರಡು ಮಾತುಗಳ ನಡುವಿನ ಬಿಡುವಿನಲ್ಲಿ ಕನ್ನಡದ ಒಂದು ಚುರುಕು ಸಾಲು ಕೂರಿಸಲು ಹೊರಟಾಗ ನಿಮ್ಮ ಶಬ್ದಭಂಡಾರ ಎಷ್ಟಿದೆ ಎಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಅದಕ್ಕೆ ಮುಂಚೆ ಮ್ಯಾನೋಸ್ ನೋಡಿ. ಸುಮಾರು 70 ನಿಮಿಷದ ಚಿತ್ರ, ಅಷ್ಟು ಹೊತ್ತು ಸಹಿಸಿಕೊಳ್ಳಬಹುದು. ಟೋರ್ಗೋ ನಡೆಯುವಾಗ ನಗು ತಡೆಯಲು ನಿಮಗೆ ಸಾಧ್ಯವೇ ಇಲ್ಲ, ನನಗೂ ಆಗಲಿಲ್ಲ. ಆ ಪುಟ್ಟ ಹುಡುಗಿ ಬಾಯಿ ತೆರೆದಾಗ ಕೇಳಿಸುವ ದನಿ ಅವಳದಲ್ಲ ಎಂಬುದು ಮಾತ್ರ ಈಗ ನಿಮಗೆ ಗೊತ್ತು.