ಹತ್ತು ಎಚ್‌ಪಿ ಎಂಜಿನ್ ಎತ್ತಲು ಒಂದು ಕೈ

ನಾಡದೋಣಿ ಮೀನುಗಾರರ ಬಗ್ಗೆ ನಾವು ವರದಿಗಾರರು ಬರೆಯುವುದು ಎರಡೇ ಸುದ್ದಿ. ಸೀಮೆಎಣ್ಣೆ ಬಂದಿಲ್ಲ, ಇಲ್ಲವೇ ಅಳಿವೆಯಲ್ಲಿ ದೋಣಿ ಮಗುಚಿತು. ಮಗುಚಿದರೆ ಡೆಸ್ಕ್‌ನಿಂದಲೇ ಫೋನ್ ಬರುತ್ತದೆ, ಫೋಟೊ ಕಳಿಸು ಅಂತ. ಮಗುಚದ ಹಾಗೆ ಏನಾದರೂ ಮಾಡಿಕೊಂಡವರ ಕಥೆ ಕಳಿಸಿದರೆ "ಇದರಲ್ಲಿ ಸುದ್ದಿ ಏನಿದೆ?" ಅನ್ನುತ್ತಾರೆ. ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೈಂದೂರು ಕಡೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಸಣ್ಣ ಔಟ್‌ಬೋರ್ಡ್ ಎಂಜಿನ್‌ಗೆ ಮನೆಯಲ್ಲೇ ಮಾಡಿದ ಪವರ್ ಟ್ರಿಮ್ ನೋಡಿದೆ. ಹನ್ನೆರಡು ವೋಲ್ಟಿನ ಒಂದು ಆಕ್ಚುಯೇಟರ್, ಅಂದರೆ ಸ್ವಿಚ್ ಒತ್ತಿದರೆ ಉದ್ದವಾಗುವ, ಹಿಂದಕ್ಕೆ ಒತ್ತಿದರೆ ಗಿಡ್ಡವಾಗುವ ರಾಡ್. ಎರಡು ಸ್ಟೀಲ್ ಪಟ್ಟಿ, ಒಂದು ಫ್ಯೂಸ್, ಯುಪಿಎಸ್‌ನಲ್ಲಿ ಇರುವಂಥ ಒಂದು ಬ್ಯಾಟರಿ. ಅಷ್ಟೇ. ಸ್ವಿಚ್ ಒತ್ತಿದರೆ ಎಂಜಿನ್ ತನ್ನಷ್ಟಕ್ಕೆ ಮೇಲಕ್ಕೆ ಬಾಗುತ್ತದೆ. ಅಮೆರಿಕದಲ್ಲಿ ಗಾಳ ಹಾಕುವ ಹವ್ಯಾಸದವರು ತಮ್ಮ ಸಣ್ಣ ಬೋಟುಗಳಿಗೆ ಇಂಥದ್ದನ್ನು ಮಾಡಿಕೊಳ್ಳುತ್ತಾರೆ. ಅವರಿಗೆ ಅದು ಭಾನುವಾರದ ಆಟ.

ನಮ್ಮಲ್ಲಿ ಅದು ಆಟ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹತ್ತು ಅಶ್ವಶಕ್ತಿವರೆಗಿನ ಎಂಜಿನ್ ಹಾಕಿದ ನಾಡದೋಣಿಗೆ ಮಾತ್ರ ವಿನಾಯಿತಿ. ಅಂದರೆ ಕಡಲು ಅತಿ ಕೆಟ್ಟದಾಗಿರುವ ದಿನಗಳಲ್ಲಿ ಅತಿ ಸಣ್ಣ ಎಂಜಿನ್‌ನವರು ಹೋಗುತ್ತಾರೆ. ಹೂಳು ತುಂಬಿದ ಅಳಿವೆಯಲ್ಲಿ ನಿನ್ನೆ ಇದ್ದ ಆಳ ಇವತ್ತು ಇರುವುದಿಲ್ಲ. ಪ್ರೊಪೆಲ್ಲರ್ ಮರಳಿಗೆ ತಾಗುವ ಮೊದಲು ಒಬ್ಬ ಹಿಂದಕ್ಕೆ ಬಗ್ಗಿ, ಸುಮಾರು 40 ಕಿಲೋ ಎಂಜಿನ್ನನ್ನು ಕೈಯಲ್ಲಿ ಎತ್ತಿ ಕೊಕ್ಕೆಗೆ ಸಿಕ್ಕಿಸಬೇಕು. ಬೆನ್ನ ಹಿಂದೆ ತೆರೆ ಬರುತ್ತಿರುತ್ತದೆ. "ಎತ್ತಿ ಎತ್ತಿ ಸೊಂಟ ಬಿದ್ದ್ ಹೋಯ್ತ್ ಮಾರಾಯ್ರೆ" ಎಂದ ಹಿರಿಯರೊಬ್ಬರಿಗೆ ಇನ್ನೂ ಐವತ್ತು ದಾಟಿಲ್ಲ.

ದೊಡ್ಡ ಎಂಜಿನ್‌ಗಳಿಗೆ ಕಂಪನಿಯೇ ಪವರ್ ಟ್ರಿಮ್ ಕೊಡುತ್ತದೆ. ಹತ್ತು ಎಚ್‌ಪಿಯಲ್ಲಿ ಸಾಮಾನ್ಯವಾಗಿ ಸಿಗುವುದು ಬ್ರಾಕೆಟ್‌ನಲ್ಲಿ ನಾಲ್ಕೈದು ತೂತು, ಒಂದು ಪಿನ್. ಕೋನ ಬದಲಿಸಬೇಕೆಂದರೆ ಎಂಜಿನ್ ನಿಲ್ಲಿಸಿ, ಎತ್ತಿ, ಪಿನ್ ಕಿತ್ತು ಇನ್ನೊಂದು ತೂತಿಗೆ ಹಾಕಬೇಕು. ಹೀಗಿರುವಾಗ ಮೀನುಗಾರರು ತಾವೇ ಮಾಡಿಕೊಂಡರೆ ತಪ್ಪೇನು? ತಪ್ಪಿಲ್ಲ, ಮಾಡಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದರ ಹೆಸರನ್ನು ಮೊದಲು ಬದಲಿಸಬೇಕು. ನಮಗೆ ಬೇಕಾಗಿರುವುದು ಟ್ರಿಮ್ ಅಲ್ಲ, ಟಿಲ್ಟ್.

ವ್ಯತ್ಯಾಸ ಇಷ್ಟು. ಓಡುವಾಗ ಪ್ರೊಪೆಲ್ಲರ್ ನೀರನ್ನು ತಳ್ಳುವ ಕೋನವನ್ನು ಸ್ವಲ್ಪ ಸ್ವಲ್ಪ ಬದಲಿಸಿ ದೋಣಿಯ ಮೂತಿ ಎತ್ತುವುದು, ಇಳಿಸುವುದು ಟ್ರಿಮ್. ನೀರಿನ ಮೇಲೆ ಜಾರಿ ಓಡುವ ಹಗುರ ಸ್ಪೀಡ್ ಬೋಟಿಗೆ ಅದರಿಂದ ಲಾಭ. ಬಲೆ, ಮೀನು, ಜನ ತುಂಬಿದ ನಾಡದೋಣಿ ಹತ್ತು ಎಚ್‌ಪಿಯಲ್ಲಿ ನೀರು ಸೀಳಿಕೊಂಡು ನಿಧಾನ ಹೋಗುತ್ತದೆ. ಅಲ್ಲಿ ಒಬ್ಬ ಮುಂದಕ್ಕೆ ಹೋಗಿ ಕೂತರೆ ಆಗುವಷ್ಟು ಕೆಲಸ ಟ್ರಿಮ್‌ನಿಂದ ಆಗುವುದಿಲ್ಲ. ಟಿಲ್ಟ್ ಅಂದರೆ ಎಂಜಿನ್ನಿನ ಕಾಲನ್ನೇ ನೀರಿನಿಂದ ಮೇಲಕ್ಕೆತ್ತುವುದು. ಸೊಂಟ ಹೋಗುವುದು ಇಲ್ಲಿ, ದೋಣಿ ಮಗುಚುವುದೂ ಇಲ್ಲಿ.

ಈ ವ್ಯತ್ಯಾಸ ಹೆಸರಿಗೆ ಮಾತ್ರವಲ್ಲ, ಜೀವದ ಲೆಕ್ಕ. ಎಂಜಿನ್ ಭಾರದ ಕೇಂದ್ರ ತಿರುಗುವ ಕೀಲಿನಿಂದ ಒಂದಡಿ ದೂರ ಇದೆ, ರಾಡ್ ಒತ್ತುವ ಜಾಗ ಕೀಲಿನಿಂದ ನಾಲ್ಕಿಂಚು ಇದೆ ಎಂದುಕೊಳ್ಳಿ. 40 ಕಿಲೋ ಎತ್ತಲು ರಾಡ್‌ಗೆ ಮೂರು ಪಟ್ಟು, ಅಂದರೆ 120 ಕಿಲೋ ಒತ್ತಡ ಬೇಕು. 1500 ನ್ಯೂಟನ್ನಿನ, ಅಂದರೆ ಸುಮಾರು 150 ಕಿಲೋ ಒತ್ತುವ ಆಕ್ಚುಯೇಟರ್ ಅದನ್ನು ಮಾಡುತ್ತದೆ. ಆದರೆ ಪ್ರೊಪೆಲ್ಲರ್ ಇರುವುದು ಕೀಲಿನಿಂದ ಎರಡಡಿ ಕೆಳಗೆ. ಅದು 60 ಕಿಲೋ ಬಲದಿಂದ ತಳ್ಳಿದರೂ ಅದೇ ರಾಡ್ ಮೇಲೆ ಬೀಳುವುದು ಆರು ಪಟ್ಟು, 360 ಕಿಲೋ. ರಾಡ್ ಬಾಗುತ್ತದೆ, ಇಲ್ಲವೇ ಒಳಗಿನ ಗೇರ್ ಹಲ್ಲು ಹಾರುತ್ತದೆ, ಅದೂ ಅಳಿವೆಯ ಮಧ್ಯದಲ್ಲಿ. ಹಾಗಾಗಿ ಮೂಲ ಪಿನ್ ತೆಗೆಯಬಾರದು. ಜೋರಾಗಿ ಓಡುವಾಗ ಎಂಜಿನ್ ಆ ಪಿನ್‌ಗೇ ಒರಗಿರಬೇಕು. ಆಕ್ಸಿಲರೇಟರ್ ಇಳಿಸಿದ ಮೇಲಷ್ಟೇ ರಾಡ್ ಎತ್ತಬೇಕು.

ಇನ್ನೊಂದು ವಿಷಯ. ಮರಳು ದಿಬ್ಬಕ್ಕೋ ಮರದ ದಿಮ್ಮಿಗೋ ತಾಗಿದರೆ ಸಣ್ಣ ಎಂಜಿನ್ ತಾನೇ ಮೇಲಕ್ಕೆ ಹಾರುತ್ತದೆ. ಕಂಪನಿಯ ಪವರ್ ಟ್ರಿಮ್‌ನಲ್ಲಿ ಇದಕ್ಕೆಂದೇ ಎಣ್ಣೆ ಬಿಟ್ಟುಕೊಡುವ ವಾಲ್ವ್ ಇದೆ. ರಾಡ್‌ನ ಎರಡೂ ತುದಿಗೆ ಬೋಲ್ಟ್ ಹಾಕಿ ಬಿಗಿದರೆ ಎಂಜಿನ್ ಹಾರುವುದಿಲ್ಲ, ದೋಣಿಯ ಹಿಂಬದಿ ಹಲಗೆಯೇ ಸೀಳುತ್ತದೆ. ನಾನು ನೋಡಿದ ಅಂಗಡಿಯಲ್ಲಿ ರಾಡ್‌ನ ಮೇಲ್ತುದಿಗೆ ಬೋಲ್ಟ್ ಇರಲಿಲ್ಲ, ಬರೀ ಒಂದು ಬಟ್ಟಲಿನಂಥ ಆಸರೆ. ಎಂಜಿನ್ ಅದರ ಮೇಲೆ ಕೂರುತ್ತದೆ, ಪೆಟ್ಟು ಬಿದ್ದರೆ ಬಿಟ್ಟು ಹಾರುತ್ತದೆ. ಹತ್ತನೇ ಕ್ಲಾಸು ಮುಗಿಸದ ವೆಲ್ಡರ್ ತಲೆಗೆ ಹೊಳೆದದ್ದು ಇದು. ರಿವರ್ಸ್ ಗೇರ್‌ನಲ್ಲಿ ಕಾಲು ಮೇಲೇಳದಂತೆ ಹಿಡಿಯುವ ಕೊಕ್ಕೆಯನ್ನೂ ಅವರು ಹಾಗೇ ಬಿಟ್ಟಿದ್ದರು.

ಕರೆಂಟಿನ ಲೆಕ್ಕ ಸುಲಭ. ಒಂದು ಸಲಕ್ಕೆ 5 ಆಂಪಿಯರ್‌ನಂತೆ 20 ಸೆಕೆಂಡ್ ಎಳೆದರೂ, ದಿನಕ್ಕೆ ಹತ್ತು ಸಲ ಎತ್ತಿ ಇಳಿಸಲು 7 ಆಂಪಿಯರ್ ಅವರ್ ಬ್ಯಾಟರಿಯ ಹತ್ತನೇ ಒಂದು ಪಾಲೂ ಬೇಡ. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿದರಾಯಿತು. ಉಪ್ಪುನೀರು ಮಾತ್ರ ಶತ್ರು. ಸ್ವಿಚ್ ಸತ್ತ ದಿನ ಕೈಯಲ್ಲೇ ಎತ್ತಲು ಆಗುವಂತಿರಬೇಕು, ಬಟ್ಟಲಿನ ಆಸರೆಯಲ್ಲಿ ಅದೂ ಆಗುತ್ತದೆ.

ಎಂಜಿನ್ ಕೊಳ್ಳಲು ಸರ್ಕಾರ ಸಹಾಯಧನ ಕೊಡುತ್ತದೆ. ಆ ಎಂಜಿನ್ ಎತ್ತುವ ಸೊಂಟದ ಬಗ್ಗೆ ಯಾವ ಅರ್ಜಿಯಲ್ಲೂ ಕಾಲಂ ನಾನು ನೋಡಿಲ್ಲ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ, ಕರಾವಳಿಯ ತಾಲ್ಲೂಕುಗಳಲ್ಲಿ ಐಟಿಐಗಳಿವೆ. ಹೊಸ ಸಂಶೋಧನೆ ಯಾರೂ ಮಾಡಬೇಕಾಗಿಲ್ಲ. ಈ ಬಟ್ಟಲು ಆಸರೆಯನ್ನು ಒಂದು ಮಳೆಗಾಲ ಪರೀಕ್ಷಿಸಿ, ಅಳತೆ ಸಮೇತ ಕನ್ನಡದಲ್ಲಿ ಒಂದು ಹಾಳೆಯ ನಕ್ಷೆ ಮಾಡಿ, ವೆಲ್ಡಿಂಗ್ ಅಂಗಡಿಗಳಿಗೆ ಹಂಚಿದರೆ ಸಾಕು. ಇಲ್ಲದಿದ್ದರೆ ಒಬ್ಬರದ್ದು ನೋಡಿ ಇನ್ನೊಬ್ಬರು ಮಾಡಿಕೊಳ್ಳುತ್ತಾರೆ. ಆಗ ಬಟ್ಟಲಿನ ಬದಲು ಯಾರೋ ಬೋಲ್ಟ್ ಹಾಕುತ್ತಾರೆ, ಗಟ್ಟಿ ಇರಲಿ ಅಂತ. ಆ ವೆಲ್ಡರ್ ಬಳಿ ಈಗಾಗಲೇ ಇನ್ನೂ ಮೂವರು ಬಂದು ಕೇಳಿದ್ದಾರಂತೆ, ಒಬ್ಬರು ಬೋಲ್ಟೇ ಬೇಕು ಎಂದಿದ್ದಾರೆ.