ದಾರಿ ಮುಗಿದಲ್ಲಿ ಯಾರಿದ್ದಾರೆ?

ಸೋಲಾಪುರ–ಪುಣೆ ಹೆದ್ದಾರಿಯ ಮಗ್ಗುಲಲ್ಲಿರುವ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ವಿಭಾಗಕ್ಕೆ ಬಂದಾಗ, ಇಂಗ್ಲಿಷಿನ ಹೊಸ ಪತ್ರಿಕೆಯೊಂದರ ಮೊದಲ ಸಂಚಿಕೆಯನ್ನು ಮೇಜಿನ ಮೇಲಿಟ್ಟರು. ಡಾಂಬರು ರಸ್ತೆಯನ್ನು ಬಿಟ್ಟು ಮರಳು, ಕೆಸರು, ಬಂಡೆಗಳ ನಡುವೆ ವಾಹನ ನಡೆಸುವ ಪ್ರವಾಸಿಗರಿಗೆಂದೇ ಮೀಸಲಾದ ಪತ್ರಿಕೆಯದು. ಈ ಬಗೆಯ ಪ್ರವಾಸಕ್ಕೆ ‘ಆಫ್‌ರೋಡ್’ ಎಂದು ಹೆಸರು. “ಸರ್, ಇದರಲ್ಲಿ ನಮ್ಮೂರಿನಂಥ ನೆಲ ಇದೆ, ನಮ್ಮಂಥ ಜನ ಮಾತ್ರ ಇಲ್ಲ” ಎಂದರು ಅವರು. ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ.

ಮೊದಲ ಸಂಚಿಕೆಯೊಂದನ್ನೇ ನೋಡಿ ಪತ್ರಿಕೆಯ ಹಣೆಬರಹ ಬರೆಯುವುದು ನ್ಯಾಯವಲ್ಲ. ಮೆಚ್ಚತಕ್ಕ ಅಂಶಗಳು ಇದರಲ್ಲಿ ಇವೆ. ವಾಹನ ಕೆಟ್ಟು ನಿಂತ ಪ್ರಸಂಗಗಳನ್ನು ಲೇಖಕರು ಮುಚ್ಚಿಟ್ಟಿಲ್ಲ. ಮರಳಿನಲ್ಲಿ ಸಾಗುವಾಗ ಟೈರಿನ ಗಾಳಿಯನ್ನು ಏಕೆ ತಗ್ಗಿಸಬೇಕೆಂಬುದನ್ನು ಅರ್ಧ ಪುಟದಲ್ಲಿ ತಿಳಿಯಾಗಿ ಹೇಳಿದ್ದಾರೆ: ಗಾಳಿ ತಗ್ಗಿದರೆ ಟೈರು ನೆಲಕ್ಕೆ ಹೆಚ್ಚು ಅಗಲವಾಗಿ ತಾಗುತ್ತದೆ, ಭಾರ ಹಂಚಿಹೋಗುತ್ತದೆ, ಚಕ್ರ ಹೂತುಕೊಳ್ಳುವುದಿಲ್ಲ. ಯಂತ್ರದ ವಿಚಾರವನ್ನು ಇಷ್ಟು ನೇರವಾಗಿ ಹೇಳುವ ಗದ್ಯವನ್ನು ಕನ್ನಡದ ವಿದ್ಯಾರ್ಥಿಗಳಾದ ನೀವು ಗಮನಿಸಬೇಕು.

ನನ್ನ ತಕರಾರು ಅದರ ಕ್ರಿಯಾಪದಗಳ ಮೇಲಿದೆ. ಪ್ರತಿ ಪುಟದಲ್ಲೂ ನೆಲವನ್ನು ‘ಗೆಲ್ಲುತ್ತಾರೆ’, ‘ಮಣಿಸುತ್ತಾರೆ’, ‘ಭೇದಿಸುತ್ತಾರೆ’. ನೆಲವು ಎದುರಾಳಿ, ವಾಹನವು ವೀರ. ಎರೆನೆಲದಲ್ಲಿ ಬೆಳೆದ ನಿಮಗೆ ಈ ಭಾಷೆ ವಿಚಿತ್ರವಾಗಿ ಕಂಡೀತು. ಮಳೆಗೆ ತೊಯ್ದ ಎರೆ ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಗೊಡದು; ಚಕ್ಕಡಿಯ ಗಾಲಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅಕ್ಕಲಕೋಟೆ ಸೀಮೆಯ ಒಕ್ಕಲಿಗ ಅದನ್ನು ಮಣಿಸಲು ಹೊರಡುವುದಿಲ್ಲ. ನೆಲ ಆರುವವರೆಗೆ ಕಾಯುತ್ತಾನೆ. ಆ ಕಾಯುವಿಕೆಯೂ ದಾರಿಯಿಲ್ಲದ ನೆಲವನ್ನು ಕುರಿತ ಒಂದು ಜ್ಞಾನವೇ. ಈ ಪತ್ರಿಕೆಯಲ್ಲಿ ಅದಕ್ಕೆ ಒಂದು ಸಾಲಿನ ಜಾಗವೂ ಸಿಕ್ಕಿಲ್ಲ.

‘ಬರಿದಾದ ಬಯಲು’ ಎಂಬ ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಬಯಲು ಬರಿದೇ? ಉತ್ತರ ಸೋಲಾಪುರ ತಾಲೂಕಿನ ನಾನ್ನಜಕ್ಕೆ ಹೋಗಿ ನೋಡಿ. ಅಲ್ಲಿನ ಹುಲ್ಲುಗಾವಲನ್ನು 1979ರಲ್ಲಿ ಪಕ್ಷಿಯೊಂದರ ಸಲುವಾಗಿ ಅಭಯಾರಣ್ಯವೆಂದು ಘೋಷಿಸಲಾಯಿತು. ಮರಾಠಿಯಲ್ಲಿ ಅದು ಮಾಳಢೋಕ, ಕನ್ನಡದಲ್ಲಿ ಎರೆಭೂತ. ಮಾಳವನ್ನೂ ಎರೆಯನ್ನೂ ಹೆಸರಿನಲ್ಲೇ ಹೊತ್ತ ಹಕ್ಕಿಯದು. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ವಾಹನದ ಕಿಟಕಿಯಿಂದ ಬರಿದಾಗಿ ಕಾಣುವ ಬಯಲಿನಲ್ಲಿ ಅದೊಂದು ಮೊಟ್ಟೆ ಚಕ್ರಕ್ಕೆ ಸಿಕ್ಕಿದರೆ ಆ ವರ್ಷದ ಸಂತಾನವೇ ಮುಗಿದಂತೆ. ಇಂದು ಈ ಹಕ್ಕಿಗಳು ಕಾಡುನೆಲದಲ್ಲಿ ಸುಮಾರು 150ರಷ್ಟು ಮಾತ್ರ ಉಳಿದಿವೆ ಎನ್ನುತ್ತಾರೆ; ಅವುಗಳಲ್ಲಿ ಬಹುಪಾಲು ಇರುವುದು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ. ನಮ್ಮ ದೇಶದಲ್ಲಿ ಆಫ್‌ರೋಡ್ ಹವ್ಯಾಸಿಗಳ ಅಚ್ಚುಮೆಚ್ಚಿನ ವಾಹನವೂ 2010ರಲ್ಲಿ ‘ಥಾರ್’ ಎಂಬ ಹೆಸರಿನಿಂದಲೇ ಮಾರುಕಟ್ಟೆಗೆ ಬಂದಿತು. ಹೆಸರನ್ನು ಎರವಲು ಪಡೆದವರಿಗೆ ಆ ನೆಲದ ಋಣವೂ ಇರಬೇಕಲ್ಲವೇ?

ಹವ್ಯಾಸವನ್ನೇ ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಅರಣ್ಯ ಇಲಾಖೆ 1985ರಲ್ಲಿ ‘ಹಗುರಾಗಿ ಹೆಜ್ಜೆಯಿಡಿ’ ಎಂಬ ಅರ್ಥದ ಹೆಸರಿನ ತಿಳಿವಳಿಕೆಯ ಕಾರ್ಯಕ್ರಮವನ್ನು ಆರಂಭಿಸಿತು; ಮುಂದೆ ಅದು ಸ್ವತಂತ್ರ ಸಂಸ್ಥೆಯಾಯಿತು. ಈಗಾಗಲೇ ಇರುವ ಜಾಡಿನಲ್ಲೇ ಸಾಗಬೇಕು, ಹೊಸ ಜಾಡು ಕೊರೆಯಬಾರದು ಎಂಬುದು ಅದರ ಮುಖ್ಯ ಬೋಧೆಗಳಲ್ಲೊಂದು. ಹೊಸ ಪತ್ರಿಕೆ ತನ್ನ ಎರಡನೆಯ ಸಂಚಿಕೆಯಲ್ಲಾದರೂ ಈ ವಿವೇಕಕ್ಕೆ ಒಂದು ಪುಟ ಕೊಟ್ಟರೆ ಅದರ ಗೌರವ ಹೆಚ್ಚುತ್ತದೆ.

ದಾರಿ ತಪ್ಪಿದ ಪಯಣದ ಕಥೆ ಸೋಲಾಪುರಕ್ಕೆ ಹೊಸದಲ್ಲ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ವನ್ನು ನೆನೆಯಿರಿ. ಸೊನ್ನಲಿಗೆಯ ಹೊಲದಲ್ಲಿದ್ದ ಬಾಲಕನಿಗೆ ಜಂಗಮನೊಬ್ಬ ಕಾಣಿಸಿಕೊಂಡು ಉಣಿಸು ಬೇಡುತ್ತಾನೆ. ಬಾಲಕ ಮನೆಗೆ ಓಡಿಹೋಗಿ ತಂದಾಗ ಆತ ಅಲ್ಲಿರುವುದಿಲ್ಲ. ಮಲ್ಲಯ್ಯನನ್ನು ಅರಸುತ್ತ, ಯಾತ್ರಿಕರ ಜೊತೆಗೂಡಿ ಹುಡುಗ ಶ್ರೀಶೈಲಕ್ಕೆ ಹೋಗುತ್ತಾನೆ. ಅಲ್ಲಿ ತೋರಿಸಿದ ಲಿಂಗದಿಂದ ಅವನಿಗೆ ಸಮಾಧಾನವಾಗದು. ಕೂಗುತ್ತ ಕಾಡಿನಲ್ಲಿ ಅಲೆದು ಕೊನೆಗೆ ಕೊಳ್ಳದ ಅಂಚಿಗೆ ಬಂದು ನಿಲ್ಲುತ್ತಾನೆ. ಇದಕ್ಕಿಂತ ದುರ್ಗಮವಾದ ಹಾದಿ ಯಾವುದಿದೆ? ಆದರೆ ಅವನ ಪಯಣ ಶಿಖರದಲ್ಲಿ ಮುಗಿಯುವುದಿಲ್ಲ. ಅವನು ಊರಿಗೆ ಮರಳುತ್ತಾನೆ, ಕೆರೆ ಕಟ್ಟಿಸುತ್ತಾನೆ. ಹೋಗಿಬಂದವನು ತನ್ನ ನೆಲಕ್ಕೆ ಏನು ತಂದ ಎಂಬ ಪ್ರಶ್ನೆಯನ್ನು ಆ ಕಾವ್ಯ ನಮ್ಮ ಮುಂದಿಟ್ಟಿದೆ. ಹೊಸ ಪತ್ರಿಕೆಯನ್ನು ನಾನು ಅಳೆದಿರುವುದು ಈ ಅಳತೆಗೋಲಿನಿಂದಲೇ.

ಇದೇ ಅಳತೆಗೋಲನ್ನು ನಮ್ಮ ಕಡೆಗೂ ತಿರುಗಿಸಬೇಕು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಕಾರಂತರ ‘ಅಪೂರ್ವ ಪಶ್ಚಿಮ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ — ಕನ್ನಡದ ಪ್ರವಾಸ ಸಾಹಿತ್ಯ ಬಡವಾಗಿಲ್ಲ. ಆದರೆ ಅಕ್ಕಲಕೋಟೆಯಿಂದ ಚಿಂಚೋಳಿಯವರೆಗಿನ ಹಾದಿಯನ್ನು, ಅಲ್ಲಿ ಊರೂರಿಗೆ ಮಗ್ಗುಲು ಬದಲಿಸುವ ಕನ್ನಡ–ಮರಾಠಿಯನ್ನು, ಪಾಳಿ ಮುಗಿಸಿ ರಾತ್ರಿ ಹಳ್ಳಿಗೆ ಮರಳುವವರ ಗಾಡಿಹಾದಿಯನ್ನು ಕನ್ನಡದಲ್ಲಿ ಬರೆದವರೆಷ್ಟು ಮಂದಿ? ನಮ್ಮ ನೆಲವನ್ನು ಬೇರೆಯವರು ‘ಬರಿದು’ ಎಂದರೆ ಅದರಲ್ಲಿ ನಮ್ಮ ಮೌನದ ಪಾಲೂ ಇದೆ.

ಆದ್ದರಿಂದ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಿಂದ ಡಾಂಬರು ರಸ್ತೆಯವರೆಗಿನ ಹಾದಿಯನ್ನು ಕುರಿತು ಎರಡು ಪುಟ ಬರೆದು ತನ್ನಿ. ಮಳೆಗಾಲದಲ್ಲಿ ಅದು ಹೇಗಿರುತ್ತದೆ, ಯಾರ ಹೊಲದ ಬದುವಿನ ಮೇಲೆ ಹಾಯುತ್ತದೆ, ಆ ಹೊಲಗಳಿಗೆ ಯಾವ ಯಾವ ಹೆಸರುಗಳಿವೆ ಎಂಬುದನ್ನು ಮನೆಯ ಹಿರಿಯರಲ್ಲಿ ಕೇಳಿ ಬರೆಯಿರಿ. ವಾರ್ತಾಪತ್ರದ ಮುಂದಿನ ಸಂಚಿಕೆಯಲ್ಲಿ ಅವನ್ನು ಅಚ್ಚು ಹಾಕೋಣ. ಒಂದು ಪ್ರತಿಯನ್ನು ಚಿಂಚೋಳಿಯ ಆ ಗೆಳೆಯರಿಗೂ ಕಳಿಸೋಣ.