ಸುಭದ್ರೆ ನಿದ್ದೆ ಮಾಡಿದ್ದು ತಪ್ಪೇ?

ಅಭಿಮನ್ಯು ಚಕ್ರವ್ಯೂಹದಲ್ಲಿ ಸತ್ತದ್ದೇಕೆ ಎಂದು ಯಾರನ್ನಾದರೂ ಕೇಳಿ. ಕಥೆ ಕೇಳುತ್ತಾ ಸುಭದ್ರೆಗೆ ನಿದ್ದೆ ಬಂತು, ಹೊಟ್ಟೆಯಲ್ಲಿದ್ದ ಕೂಸಿಗೆ ಹೊರಬರುವ ದಾರಿ ತಿಳಿಯಲಿಲ್ಲ ಅನ್ನುತ್ತಾರೆ. ಒಬ್ಬ ಹುಡುಗನನ್ನು ಮಹಾರಥರೆಲ್ಲ ಸುತ್ತುವರಿದದ್ದು, ಬೆನ್ನಿಗೆ ಬರಬೇಕಿದ್ದ ಪಾಂಡವರನ್ನು ಜಯದ್ರಥ ತಡೆದದ್ದು ಎಲ್ಲ ಆಮೇಲಿನ ಮಾತು. ಬಸುರಿ ಕಣ್ಣು ಮುಚ್ಚಿದ್ದೇ ಮೊದಲ ಅಪರಾಧ.

ಗರ್ಭದಲ್ಲಿ ಬೆಳವಣಿಗೆ ಕುಂಠಿತವಾದ ಮಕ್ಕಳ ಬಗ್ಗೆ ನಾವು ಆಡುವ ಮಾತೂ ಇದೇ ಧಾಟಿಯದು. ಮಗು ಎರಡೂವರೆ ಕೆಜಿಗಿಂತ ಕಡಿಮೆ ತೂಗಿದರೆ ಸಾಕು, ‘ಓದಿನಲ್ಲಿ ಹಿಂದೆ ಬೀಳುತ್ತೆ, ಮುಂದೆ ಶುಗರ್ ಬರುತ್ತೆ’ ಎಂಬ ಭವಿಷ್ಯ. ಮರುಕ್ಷಣವೇ ಬಾಣಂತಿಯತ್ತ ತಿರುಗಿ, ‘ಸರಿಯಾಗಿ ಉಣ್ಣಲಿಲ್ಲವೇನಮ್ಮ?’ ಗರ್ಭಸಂಸ್ಕಾರದ ಕ್ಲಾಸು ನಡೆಸುವವರಿಗಂತೂ ಸುಗ್ಗಿ.

ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಇಂಗ್ಲೆಂಡಿನ ಹಳೆಯ ದಾಖಲೆಗಳನ್ನು ಹಿಡಿದು ಡೇವಿಡ್ ಬಾರ್ಕರ್ 1989ರಲ್ಲಿ ತೋರಿಸಿದ್ದು ನಮ್ಮ ಮೈಸೂರಿನಲ್ಲೂ ಕಂಡಿದೆ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ 1934ರಿಂದ ಜೋಪಾನ ಮಾಡಿಟ್ಟ ಹೆರಿಗೆ ದಾಖಲೆಗಳಿಂದ ಹೆಸರು ಹುಡುಕಿ, ಆಗ ಹುಟ್ಟಿದವರನ್ನು ಊರಲ್ಲಿ ಪತ್ತೆ ಹಚ್ಚಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಎರಡೂವರೆ ಕೆಜಿಯೊಳಗೆ ಹುಟ್ಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 11, 3.1 ಕೆಜಿ ಮತ್ತು ಹೆಚ್ಚು ತೂಗಿದವರಲ್ಲಿ ಶೇ. 3. ಸಣ್ಣ ವ್ಯತ್ಯಾಸವಲ್ಲ. ಆದರೆ ಅದೇ ಅಂಕಿಯನ್ನು ಮಗುಚಿ ಓದಿ: ಸಣ್ಣಗೆ ಹುಟ್ಟಿದ ನೂರರಲ್ಲಿ 89 ಮಂದಿಗೆ ಪರೀಕ್ಷೆಯ ಹೊತ್ತಿಗೆ ಆ ಕಾಯಿಲೆ ಇರಲಿಲ್ಲ. ಇದನ್ನು ಹಣೆಬರಹ ಅನ್ನುವುದು ಹೇಗೆ?

ಮಾಸಿನ ಮೂಲಕ ಬರುವ ರಕ್ತ ಸಾಲದಾದಾಗ ಭ್ರೂಣ ಇದ್ದುದನ್ನು ಮಿದುಳಿಗೆ ತಿರುಗಿಸಿ, ಮೂತ್ರಪಿಂಡ, ಯಕೃತ್ತುಗಳ ಪಾಲು ಕಡಿಮೆ ಮಾಡುತ್ತದೆ. ಬರಗಾಲದ ಮನೆಯ ಲೆಕ್ಕ. ಹಾಗೆಂದು ಮಿದುಳು ಪೂರ್ತಿ ಪಾರಾಗುವುದಿಲ್ಲ. ಇಂಥ ಮಕ್ಕಳಲ್ಲಿ ಕಲಿಕೆಯ, ಗಮನದ ತೊಡಕುಗಳು ಸರಾಸರಿಯಲ್ಲಿ ಹೆಚ್ಚು. ಸರಾಸರಿ ಎಂಬುದರ ಕೆಳಗೆ ಗೆರೆ ಎಳೆದುಕೊಳ್ಳಿ. ಕಾರಣ ರಕ್ತದೊತ್ತಡ ಇರಬಹುದು, ರಕ್ತಹೀನತೆ, ಸೋಂಕು, ಕೆಲವೊಮ್ಮೆ ಯಾರಿಗೂ ತಿಳಿಯದ್ದು. (ಅವಧಿಗೆ ಮುಂಚೆ ಹುಟ್ಟಿದ ಕೂಸೂ, ಅಪ್ಪ-ಅಮ್ಮನಂತೆ ಪುಟ್ಟದಾಗಿರುವ ಗಟ್ಟಿ ಕೂಸೂ ತಕ್ಕಡಿಗೆ ಒಂದೇ ಎಂಬುದು ಬೇರೆ ತಮಾಷೆ.)

ಇನ್ನು ಹುಟ್ಟಿದ ಮೇಲಿನ ಮಾತು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ, ವಯಸ್ಸಿಗೆ ತಕ್ಕಂತೆ ಬೆಳೆಯದ ಬಡವರ ಕೂಸುಗಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರವಾರ ಹೋಗಿ, ತಾಯಂದಿರೊಂದಿಗೆ ಕೂತು ಆಟವಾಡಿಸಿದರು. ಇಪ್ಪತ್ತು ವರ್ಷದ ನಂತರ ನೋಡಿದರೆ, ಆ ಆಟ ಸಿಗದ ಅಂಥವೇ ಮಕ್ಕಳಿಗಿಂತ ಇವರ ಗಳಿಕೆ ಶೇ. 25ರಷ್ಟು ಹೆಚ್ಚು. ಅವರೆಲ್ಲ ಗರ್ಭದಲ್ಲೇ ಸೊರಗಿದವರಲ್ಲ, ನಿಜ. ಆದರೆ ಮೊದಲ ಪುಟದಲ್ಲೇ ಕಥೆ ಮುಗಿಯಿತು ಅನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಪಿಎಚ್.ಡಿ.ಗಾಗಿ ಓದುವ ಪ್ರಬಂಧಗಳಲ್ಲಿ ‘ತಾಯಿಗೆ ಸಂಬಂಧಿಸಿದ ಕಾರಣಗಳು’ ಎಂಬ ಕೋಷ್ಟಕ ಮತ್ತೆ ಮತ್ತೆ ಎದುರಾಗುತ್ತದೆ. ಕೂಲಿ ಕೊಡುವ ಧಣಿಗೆ ಸಂಬಂಧಿಸಿದ ಕೋಷ್ಟಕವನ್ನು ನಾನಿನ್ನೂ ನೋಡಿಲ್ಲ. ಸರ್ಕಾರದ್ದೂ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಗೆ ಕನಿಷ್ಠ 6,000 ರೂಪಾಯಿ ಎಂದಿತು. 2017ರ ಮಾತೃ ವಂದನಾ ಯೋಜನೆ ಅದನ್ನು 5,000ಕ್ಕೆ ಇಳಿಸಿ, ಮೊದಲ ಮಗುವಿಗೆ ಮಾತ್ರ ಎಂದಿತು. ಆಮೇಲೆ ಎರಡನೆಯದಕ್ಕೂ ಕೊಟ್ಟರು, ಅದು ಹೆಣ್ಣಾದರೆ! ಸಂಬಳ ಸಹಿತ 26 ವಾರಗಳ ರಜೆ ಸಂಘಟಿತ ವಲಯದ ಹೆಂಗಸರಿಗೆ. ಕಳೆ ಕೀಳುವವಳಿಗೆ ರಜೆಯೆಂದರೆ ಕೂಲಿಯಿಲ್ಲದ ದಿನ. ಅವಳನ್ನು ಪ್ರಶ್ನೆ ಕೇಳಲೇಬೇಕೆಂದಿದ್ದರೆ, ಏಳನೇ ತಿಂಗಳಲ್ಲಿ ಯಾರ ಹೊಲದಲ್ಲಿದ್ದೆ, ದಿನಕ್ಕೆಷ್ಟು ಕೊಟ್ಟರು ಎಂದು ಕೇಳಿ.